ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕೂವರೆ ವರ್ಷ: ಇಲ್ಲೇ ಇರೋದಾ, ವಾಪಸ್ ಹೋಗೋದಾ?

ಹೇಮಾವತಿ_ತೀರ (ಸ್ಟುಟ್‌ಗಾರ್ಟ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಬರಹ. ಪುರುಸೊತ್ತಿದ್ದಾಗ ಓದಿ.

ನಾವಿಬ್ಬರೂ ಹಾಸನದ ಕಡೆಯವರು. 19 ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆವು. ಅಲ್ಲೇ ಪೌರತ್ವ ತಗೊಂಡೆವು, ಮಗಳು ಹುಟ್ಟಿದ್ದೂ ಅಲ್ಲೇ. ಅವಳು ಕಾಲೇಜು ಸೇರಿದ ವರ್ಷ ನಮ್ಮ ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕಿತು. ಮೂರು ವರ್ಷ ನೋಡೋಣ ಅಂತ ಬಂದವರು ಇನ್ನೂ ಇಲ್ಲೇ ಇದ್ದೇವೆ. ಇವರಿಗೆ ಇಲ್ಲೇ ಉಳಿಯುವ ಮನಸ್ಸು. ನನಗೆ ಎರಡೂ ಕಡೆ ಎಳೆತ. ಅಮೆರಿಕ ಬಿಟ್ಟು ಯುರೋಪಿಗೆ ಬಂದ ದಂಪತಿಗಳು ಇಲ್ಲಿ ಇದ್ದರೆ ನಿಮ್ಮ ಅನುಭವ ಕೇಳಬೇಕು. ಮೊದಲು ನಮ್ಮದು ಹೇಳಿಬಿಡುತ್ತೇನೆ.

ಇಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಖಾಲಿ ಕೋಣೆ. ಒಲೆ ಇಲ್ಲ, ಸಿಂಕ್ ಇಲ್ಲ, ಕಪಾಟಿಲ್ಲ. ಗೋಡೆಯಿಂದ ಹೊರಗೆ ಬಂದ ನೀರಿನ ಪೈಪು, ಒಲೆಗೆ ಅಂತ ಒಂದು ದಪ್ಪ ವೈರು, ಅಷ್ಟೇ. ಹಿಂದೆ ಇದ್ದವರು ಎಲ್ಲ ಬಿಚ್ಚಿಕೊಂಡು ಹೋಗಿದ್ದರು. ಆರು ವಾರ ಒಂದು ಕರೆಂಟ್ ಒಲೆಯಲ್ಲಿ ಅಡುಗೆ ಮಾಡಿ, ಪಾತ್ರೆ ಬಚ್ಚಲಲ್ಲಿ ತೊಳೆದೆವು. ಫ್ರೀಮಾಂಟ್‌ನಿಂದ ಹಡಗಿನಲ್ಲಿ ಬಂದ ಬ್ಲೆಂಡರ್, ರೈಸ್ ಕುಕ್ಕರ್, ಟೋಸ್ಟರ್ ಒಂದೂ ಉಪಯೋಗಕ್ಕೆ ಬರಲಿಲ್ಲ. ಅಮೆರಿಕದಲ್ಲಿ 120 ವೋಲ್ಟ್, ಇಲ್ಲಿ 230. ಆದರೆ ಅದೇ ಪೆಟ್ಟಿಗೆಯ ತಳದಲ್ಲಿ ನನ್ನ ಮದುವೆಗೆ ಅಪ್ಪ ಕೊಡಿಸಿದ ಮಿಕ್ಸಿ ಇತ್ತು. 19 ವರ್ಷ ಗ್ಯಾರೇಜಿನಲ್ಲಿ ಸುಮ್ನೆ ಕೂತಿದ್ದ ಮಿಕ್ಸಿ. ನಮ್ಮೂರಿನದೂ 230 ವೋಲ್ಟ್ ಅಲ್ವಾ? ಪಿನ್ನಿಗೆ ಅಡಾಪ್ಟರ್ ಹಾಕಿ, ಹೆದರುತ್ತಲೇ ಸ್ವಿಚ್ ತಿರುಗಿಸಿದೆ. ಸ್ವಲ್ಪ ಸುಟ್ಟ ವಾಸನೆ ಬಂತು, ಧೂಳಿರಬೇಕು. ಆಮೇಲೆ ಗುರ್ರ್ ಅಂತ ತಿರುಗಿತು. ಅವತ್ತು ಕಾಯಿ ಚಟ್ನಿ ಅರೆದೆ. ಇವರು ಬಂದು ಮಿಕ್ಸಿ ಮೇಲೆ ಕೈಯಿಟ್ಟು ನಿಂತರು. ಇಬ್ಬರೂ ಏನೂ ಮಾತಾಡಲಿಲ್ಲ.

ಈ ಊರಿನಲ್ಲಿ ‘ಕೇರ್‌ವೊಖೆ’ ಅಂತ ಒಂದು ಪದ್ಧತಿ ಇದೆ. ಗುಡಿಸುವ ವಾರ ಅಂತ ಅರ್ಥ. ಕಟ್ಟಡದ ಒಂದೊಂದು ಮನೆಗೆ ಒಂದೊಂದು ವಾರ ಸರದಿ. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಫಲಕ ತೂಗುತ್ತದೆ. ಚಿಕ್ಕ ಸರದಿ ಅಂದರೆ ನಮ್ಮ ಮಹಡಿಯ ಮೆಟ್ಟಿಲು. ದೊಡ್ಡದಾದರೆ ಗೇಟು, ಫುಟ್‌ಪಾತ್, ನೆಲಮಾಳಿಗೆ ಎಲ್ಲ ಸೇರಿ. ಚಳಿಗಾಲದಲ್ಲಿ ಹಿಮ ತೆಗೆಯುವುದೂ ಬರುತ್ತದೆ. ಮೊದಲ ಸಲ ನಾನು ಪೊರಕೆಯಲ್ಲಿ ಗುಡಿಸಿ ಒಳಗೆ ಬಂದೆ. ಹತ್ತು ನಿಮಿಷಕ್ಕೆ ಕೆಳಮನೆ ಅಜ್ಜಿ ಬಾಗಿಲು ತಟ್ಟಿದರು. ಒಂದು ಮಾತೂ ಬೈಯಲಿಲ್ಲ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಪ್ರತಿ ಮೆಟ್ಟಿಲಿನ ಮೂಲೆಗೆ ಬೆರಳು ತೂರಿಸಿ ಒರೆಸಿ ತೋರಿಸಿದರು. ಆಮೇಲೆ ಕಟಕಟೆ, ಆಮೇಲೆ ಕಿಟಕಿಯ ಕಟ್ಟೆ. ಅಮ್ಮ ಬಾಗಿಲು ಸಾರಿಸುವಾಗ ಹೊಸ್ತಿಲ ಮೂಲೆಗೆ ಹೀಗೇ ಬೆರಳು ಹಾಕುತ್ತಿದ್ದಳು. ನನಗೆ ಅಳು ಬಂದುಬಿಟ್ಟಿತು. ಅಜ್ಜಿಗೆ ಗಾಬರಿ. ಆಗ ನನಗೆ ಬರುತ್ತಿದ್ದ ಜರ್ಮನ್‌ನಲ್ಲಿ ಹೇಗೆ ವಿವರಿಸಲಿ?

ಆ ಅಜ್ಜಿಯೇ ನನಗೆ ಇಲ್ಲಿನ ಭಾಷೆಯ ಮರ್ಯಾದೆ ಕಲಿಸಿದ್ದು. ಜರ್ಮನ್‌ನಲ್ಲಿ ‘ಜೀ’ ಅಂದರೆ ನೀವು, ‘ದೂ’ ಅಂದರೆ ನೀನು. ನನ್ನ ಕ್ಲಾಸಿನಲ್ಲಿದ್ದ ಬೇರೆ ಅಮೆರಿಕನ್ನರಿಗೆ ಇದು ತಲೆನೋವು. ನನಗೆ ಅದೊಂದು ಪಾಠ ಮಾತ್ರ ಓದಬೇಕಾಗಿಯೇ ಬರಲಿಲ್ಲ. ಇಂಗ್ಲಿಷ್‌ನಲ್ಲಿ 19 ವರ್ಷ ಚಿಕ್ಕವರು ದೊಡ್ಡವರು ಎಲ್ಲರನ್ನೂ ಒಂದೇ ಮಾತಿನಲ್ಲಿ ಕರೆದು ಅಭ್ಯಾಸವಾಗಿತ್ತು. ಇಲ್ಲಿ ಬಂದು ಮತ್ತೆ ನೀವು, ನೀನು ಸಿಕ್ಕಿತು. ಮೂರನೇ ವರ್ಷ ಸೆಪ್ಟೆಂಬರ್‌ನಲ್ಲಿ ಅಜ್ಜಿ ತಮ್ಮ ತೋಟದ ಪ್ಲಮ್ ಹಣ್ಣಿನ ಕೇಕ್ ತಂದು, ಇನ್ಮೇಲೆ ‘ದೂ’ ಅನ್ನು ಅಂದರು. 78 ವರ್ಷದವರನ್ನು ನೀನು ಅನ್ನುವುದು ಹೇಗೆ ಅಂತ ನನಗೆ ಇವತ್ತಿಗೂ ನಾಲಿಗೆ ತೊಡರುತ್ತದೆ.

ಇನ್ನೊಂದು ಮಾತು. ಫ್ರೀಮಾಂಟ್‌ನಲ್ಲಿ ನಮ್ಮನ್ನು ಯಾರೂ ಅಮೆರಿಕದವರು ಅಂತ ಕರೆದಿರಲಿಲ್ಲ. ಪಾಸ್‌ಪೋರ್ಟ್ ಬಂದ ಮೇಲೂ ಇಂಡಿಯನ್ ಫ್ಯಾಮಿಲಿಯೇ. ಈ ಕಟ್ಟಡದಲ್ಲಿ ಮಾತ್ರ ಎರಡನೇ ಮಹಡಿಯ ನಾವು ‘ಅಮೆರಿಕದವರು’. ಆ ಪಾಸ್‌ಪೋರ್ಟಿನ ಬಲವೂ ಇಲ್ಲಿ ಬಂದಾಗಲೇ ಗೊತ್ತಾಗಿದ್ದು. ನಾವು ವೀಸಾ ಇಲ್ಲದೆ ವಿಮಾನ ಹತ್ತಿ, ಇಲ್ಲಿ ಇಳಿದ ಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕಿದೆವು. ಅದೇ ಕಂಪನಿಗೆ ಬೆಂಗಳೂರಿನಿಂದ ಬರಬೇಕಿದ್ದ ಹುಡುಗ ವೀಸಾಕ್ಕೆ ತಿಂಗಳುಗಟ್ಟಲೆ ಕಾದ. ಓದು ಅವನದೇ ಜಾಸ್ತಿ. ನನಗೆ ಅದು ಇನ್ನೂ ಸರಿ ಅನ್ನಿಸಿಲ್ಲ.

ಹೋದ ಜನವರಿಯಲ್ಲಿ ಇವರು ಹಿಮದ ಮೇಲೆ ಜಾರಿ ಕಾಲಿನ ಮಣಿಗಂಟು ಮುರಿದುಕೊಂಡರು. 112ಕ್ಕೆ ಫೋನ್ ಮಾಡಿದೆ. ಆಪರೇಷನ್ ಆಯಿತು, ಆರು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ ದಿನಾ ಅಂಚೆ ಡಬ್ಬ ನೋಡುತ್ತಿದ್ದೆ. ಫ್ರೀಮಾಂಟ್‌ನಲ್ಲಿ ಮಗಳ ಕೈ ಮುರಿದಾಗ ನಾಲ್ಕು ತಿಂಗಳು ಬೇರೆ ಬೇರೆ ಹೆಸರಲ್ಲಿ ಬಿಲ್ಲು ಬರುತ್ತಲೇ ಇತ್ತು. ಇಲ್ಲಿ ಒಂದೇ ಕಾಗದ ಬಂತು. ಆಸ್ಪತ್ರೆಗೆ ದಿನಕ್ಕೆ 10 ಯುರೋ, ಒಟ್ಟು 60. ಇದಕ್ಕೆ ಪ್ರತಿ ತಿಂಗಳು ಸಂಬಳದಲ್ಲಿ ದೊಡ್ಡ ಮೊತ್ತವೇ ಕಡಿತವಾಗುತ್ತದೆ, ನಿಜ. ಆದರೂ ಆ ರಾತ್ರಿ ಆಂಬುಲೆನ್ಸ್ ಕರೆಯಲೋ ಬೇಡವೋ ಅಂತ ನಾನು ಯೋಚಿಸಲಿಲ್ಲ. ಅಷ್ಟು ಸಾಕು ನನಗೆ.

ಹಾಗಾದರೆ ಎಳೆತ ಯಾವುದು ಅಂತೀರಾ? ಗಡಿಯಾರ. ಕ್ಯಾಲಿಫೋರ್ನಿಯಾದಲ್ಲಿ ನನ್ನ ರಾತ್ರಿ 9 ಅಮ್ಮನಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 9ವರೆ, ಚಳಿಗಾಲದಲ್ಲಿ 10ವರೆ. ನಾನು ಮಲಗುವ ಹೊತ್ತು, ಅವಳು ಅಡುಗೆ ಮಾಡುವ ಹೊತ್ತು. 19 ವರ್ಷ ಹಾಗೇ ಮಾತಾಡಿದೆವು. ಇಲ್ಲಿಂದ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅವಳು ಸಂಜೆ ಕಾಫಿ ಕುಡಿಯುವಾಗ ನಾನು ಊಟಕ್ಕೆ ಕೂತಿರುತ್ತೇನೆ. ಅಮ್ಮ ಹತ್ತಿರ ಬಂದಳು. ಮಗಳು ದೂರ ಹೋದಳು. ಅವಳಿಗೂ ನನಗೂ ಒಂಬತ್ತು ಗಂಟೆ. ಕೆಲಸ ಮುಗಿಸಿ ಸಂಜೆ ಆರಕ್ಕೆ ಅವಳು ಮನೆಗೆ ಬಂದರೆ ಇಲ್ಲಿ ಬೆಳಗಿನ ಜಾವ ಮೂರು. ಅದರಲ್ಲೂ ಮಾರ್ಚ್‌ನಲ್ಲಿ ಅಮೆರಿಕ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಯುರೋಪ್ ಕೊನೇ ಭಾನುವಾರ. ಮಧ್ಯದ ದಿನಗಳಲ್ಲಿ ವ್ಯತ್ಯಾಸ ಎಂಟೇ ಗಂಟೆ. ಅವಳು ಮೊದಲ ಕೆಲಸಕ್ಕೆ ಸೇರಿದ ದಿನ ಅಂಥ ವಾರದಲ್ಲೇ ಬಂತು. ಬೆಳಿಗ್ಗೆ ಏಳಕ್ಕೆ ಮಾತಾಡೋಣ ಅಮ್ಮಾ ಅಂದಿದ್ದಳು. ನಾನು ಇಲ್ಲಿನ ಸಂಜೆ 4ಕ್ಕೆ ಮಾಡಿದೆ. ಅಲ್ಲಿ ಆಗಲೇ ಎಂಟಾಗಿತ್ತು. ಹೊರಟುಹೋಗಿದ್ದಳು.

ಅಮ್ಮನಿಗೆ 81. ಮಗಳಿಗೆ 23. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?


ಲೆಕ್ಕದ_ಪುಸ್ತಕ (ಫ್ರಾಂಕ್‌ಫರ್ಟ್)

ಅಕ್ಕ, ಮನಸ್ಸಿಗೆ ತಟ್ಟುವ ಹಾಗೆ ಬರೆದಿದ್ದೀರಿ. ಮಗಳ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಲೆಕ್ಕ ಬಲ್ಲವನು, ಆ ಕಡೆಯಿಂದ ಹೇಳುತ್ತೇನೆ. ಇಲ್ಲಿಗೆ ಬರುವ ಎಷ್ಟೋ ಅಮೆರಿಕನ್ ದಂಪತಿಗಳು ಎಡವುವುದು ಇಲ್ಲೇ.

ಅಮೆರಿಕ ತನ್ನ ಪ್ರಜೆಗಳು ಎಲ್ಲಿದ್ದರೂ ತೆರಿಗೆ ಲೆಕ್ಕ ಕೇಳುತ್ತದೆ. ಜರ್ಮನಿಯಲ್ಲಿ ತೆರಿಗೆ ಕಟ್ಟಿದರೂ ಅಲ್ಲಿನ ರಿಟರ್ನ್ ಹಾಕಲೇಬೇಕು. ಹೊರದೇಶದಲ್ಲಿದ್ದವರಿಗೆ ಏಪ್ರಿಲ್ 15ರ ಬದಲು ಜೂನ್ 15ರವರೆಗೆ ತಾನಾಗಿಯೇ ಸಮಯ ಸಿಗುತ್ತದೆ. 2025ರ ಲೆಕ್ಕಕ್ಕೆ ದುಡಿದ ಆದಾಯದಲ್ಲಿ ಒಬ್ಬರಿಗೆ 1,30,000 ಡಾಲರ್‌ವರೆಗೆ ಅಲ್ಲಿನ ತೆರಿಗೆಯಿಂದ ಬಿಡಿಸಿಕೊಳ್ಳಬಹುದು. ಅಥವಾ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಕೊಳ್ಳಬಹುದು. ಇಲ್ಲಿನ ತೆರಿಗೆ ಜಾಸ್ತಿ ಇರುವುದರಿಂದ ಬಹಳ ಜನರಿಗೆ ಕೊನೆಗೆ ಕಟ್ಟಬೇಕಾದದ್ದು ಸೊನ್ನೆ. ಆದರೆ ಸೊನ್ನೆ ಅಂತ ಬರೆದು ಕೊಡಲೇಬೇಕು.

ಅದಕ್ಕಿಂತ ಮುಖ್ಯ ಎಫ್‌ಬಿಎಆರ್, ಅಂದರೆ ಹೊರದೇಶದ ಬ್ಯಾಂಕ್ ಖಾತೆಗಳ ವರದಿ. ಅಮೆರಿಕದ ಹೊರಗಿನ ಎಲ್ಲ ಖಾತೆ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಅಮೆರಿಕ ಸರ್ಕಾರಕ್ಕೆ ತಿಳಿಸಬೇಕು. ನಮ್ಮವರು ಮರೆಯುವುದು ಊರಿನ ಖಾತೆ. ಹಾಸನದ ಎನ್‌ಆರ್‌ಒ (ಅನಿವಾಸಿಗಳ) ಖಾತೆ, ಅಪ್ಪನ ಜೊತೆ ಜಂಟಿ ಖಾತೆ, ಎಫ್‌ಡಿ, ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಲ್ಲಿನ ಮ್ಯೂಚುವಲ್ ಫಂಡ್, ಊರಿನ ಮ್ಯೂಚುವಲ್ ಫಂಡ್ ಎರಡಕ್ಕೂ ಅಮೆರಿಕದಲ್ಲಿ ಕಠಿಣ ನಿಯಮ ಇದೆ. ಕೈ ಹಾಕುವ ಮೊದಲು ಬಲ್ಲವರನ್ನು ಕೇಳಿ. 2010ರ ಫಾಟ್ಕಾ ಕಾನೂನಿನ ಮೇಲೆ ಇಲ್ಲಿನ ಬ್ಯಾಂಕುಗಳು ಅಮೆರಿಕನ್ನರ ಖಾತೆಯ ವಿವರ ಕಳಿಸಬೇಕು. ಹಾಗಾಗಿ ಕೆಲವು ಕಡೆ ಹೂಡಿಕೆ ಖಾತೆ ತೆರೆಯಲು ಒಪ್ಪುವುದೇ ಇಲ್ಲ. ನನಗೆ ಮೂರು ಕಡೆ ಇಲ್ಲ ಅಂದರು.

ಗೊತ್ತಿಲ್ಲದೆ ಬಿಟ್ಟಿದ್ದರೆ ಹೆದರಬೇಡಿ. ಬೇಕಂತಲೇ ಮಾಡಿದ್ದಲ್ಲ ಅಂತ ಬರೆದುಕೊಟ್ಟು, ಹಿಂದಿನ 3 ವರ್ಷದ ರಿಟರ್ನ್, 6 ವರ್ಷದ ಎಫ್‌ಬಿಎಆರ್ ಹಾಕಿ ಸರಿ ಮಾಡಿಕೊಳ್ಳುವ ದಾರಿ ಇದೆ.

ಇನ್ನೊಂದು. ಇಲ್ಲಿ 60 ತಿಂಗಳು ಪಿಂಚಣಿಗೆ ಕಟ್ಟಿದರೆ ವಯಸ್ಸಾದ ಮೇಲೆ ಜರ್ಮನ್ ಪಿಂಚಣಿಗೆ ಹಕ್ಕು ಬರುತ್ತದೆ. ಎರಡೂ ದೇಶಗಳ ನಡುವೆ ಒಪ್ಪಂದ ಇದೆ, ಬೇಕಾದರೆ ಅಲ್ಲಿನ ವರ್ಷಗಳನ್ನೂ ಸೇರಿಸಿ ಎಣಿಸುತ್ತಾರೆ. ಆದರೂ ನಿಮಗೆ ಇನ್ನು ಆರೇ ತಿಂಗಳು ಬಾಕಿ. ಹೋಗುವುದಾದರೂ ಅದನ್ನು ಮುಗಿಸಿ ಹೋಗಿ.


ಸೈಕಲ್_ತುಂಗಾ (ಉಟ್ರೆಕ್ಟ್)

ನಾನು ಶಿವಮೊಗ್ಗದವಳು, ನನ್ನ ಗಂಡ ಓಹಾಯೋದಲ್ಲಿ ಹುಟ್ಟಿ ಬೆಳೆದವರು. ನಾವು ನೆದರ್‌ಲ್ಯಾಂಡ್ಸ್‌ಗೆ ಬಂದದ್ದು 1956ರಲ್ಲಿ ಎರಡೂ ದೇಶ ಮಾಡಿಕೊಂಡ ಒಂದು ಒಪ್ಪಂದದ ಮೇಲೆ. ಡಾಫ್ಟ್ ಅಂತಾರೆ. ಅಮೆರಿಕದ ಪ್ರಜೆ ಇಲ್ಲಿ ಸ್ವಂತ ಉದ್ಯೋಗ ಶುರು ಮಾಡಿ, ವ್ಯವಹಾರದ ಖಾತೆಯಲ್ಲಿ 4,500 ಯುರೋ ಇಟ್ಟುಕೊಂಡರೆ ವಾಸಕ್ಕೆ ಅನುಮತಿ ಸಿಗುತ್ತದೆ. ಇವರು ಮನೆಯಿಂದಲೇ ವೆಬ್‌ಸೈಟ್ ವಿನ್ಯಾಸ ಮಾಡುತ್ತಾರೆ.

ಅಕ್ಕ, ನಿಮಗೆ ಕೇರ್‌ವೊಖೆ ಇದ್ದ ಹಾಗೆ ನಮಗೆ ಹುಟ್ಟುಹಬ್ಬ. ಇಲ್ಲಿ ಹುಟ್ಟುಹಬ್ಬಕ್ಕೆ ಹೋದರೆ ಹುಟ್ಟಿದವರಿಗೆ ಮಾತ್ರ ಶುಭಾಶಯ ಹೇಳಿ ಕೂರುವ ಹಾಗಿಲ್ಲ. ಅವರ ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಎಲ್ಲರ ಕೈ ಕುಲುಕಿ ‘ನಿಮ್ಮ ಮಗಳಿಗೆ ಹುಟ್ಟುಹಬ್ಬ, ಅಭಿನಂದನೆ’ ಅನ್ನಬೇಕು. ಕುರ್ಚಿಗಳು ಸುತ್ತ ವೃತ್ತಾಕಾರದಲ್ಲಿ ಇರುತ್ತವೆ. ಇವರಿಗೆ ಮೊದಲು ಮುಜುಗರ ಆಗುತ್ತಿತ್ತು. ನನಗೆ ಆಗಲಿಲ್ಲ. ನಮ್ಮಲ್ಲಿ ಮಗು ಹುಟ್ಟಿದರೆ ಅಜ್ಜಿಗೆ ತಾನೇ ಮೊದಲು ಸಕ್ಕರೆ ಕೊಡುವುದು?

ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಯಾರಾದರೂ ಬರೆಯಿರಿ. ಇಲ್ಲಿ ನೋಂದಣಿ ಆಗಿ 185 ದಿನ ಮಾತ್ರ ಅಮೆರಿಕದ್ದು ನಡೆಯುತ್ತದೆ. ಸಂಬಳದ ಮೇಲೆ ತೆರಿಗೆ ರಿಯಾಯಿತಿ ಪಡೆದು ಬಂದ ನೌಕರರು ಸುಮ್ನೆ ಬದಲಾಯಿಸಿಕೊಳ್ಳಬಹುದು. ನಮ್ಮಂಥ ಸ್ವಂತ ಉದ್ಯೋಗದವರು ಮೊದಲಿಂದ ಪರೀಕ್ಷೆ ಬರೆಯಬೇಕು. ಇವರು 22 ವರ್ಷ ಗಾಡಿ ಓಡಿಸಿದವರು. ಬಲಕ್ಕೆ ತಿರುಗುವಾಗ ಸೈಕಲ್‌ಗೆ ದಾರಿ ಬಿಡುವುದನ್ನು ಕಲಿಯಲು ಐದು ತಿಂಗಳು ಹಿಡಿಯಿತು. ಈಗ ಅವರೇ ಹೇಳುತ್ತಾರೆ, ಆ ಐದು ತಿಂಗಳು ಬೇಕಿತ್ತು ಅಂತ.


ಹೇಮಾವತಿ_ತೀರ (ಸ್ಟುಟ್‌ಗಾರ್ಟ್)

ತುಂಗಾ, ಇಲ್ಲಿ ಅದು ರಾಜ್ಯದ ಮೇಲೆ ಹೋಗುತ್ತದೆ. ಅಮೆರಿಕದ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. ಟೆಕ್ಸಾಸ್‌ನವರು ಸುಮ್ನೆ ಬದಲಾಯಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾಕ್ಕೆ ಆ ಒಪ್ಪಂದ ಇಲ್ಲ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆ ತರಗತಿ, ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎಲ್ಲ ಆಯಿತು. ಬರೆಯುವುದನ್ನು ಇಂಗ್ಲಿಷ್‌ನಲ್ಲೂ ಬರೆಯಬಹುದು. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ ಅನ್ನುವುದೊಂದು ತಲೆಗೆ ಕೂತರೆ ಅರ್ಧ ಗೆದ್ದ ಹಾಗೆ.

ಲೆಕ್ಕದ_ಪುಸ್ತಕ ಅವರೇ, ಹಾಸನದ ಜಂಟಿ ಖಾತೆ ನನಗೆ ಹೊಳೆದೇ ಇರಲಿಲ್ಲ. ಇವತ್ತೇ ನೋಡುತ್ತೇನೆ.


ವಾಪಸ್_ಬಂದವ (ರಾಲಿ, ನಾರ್ತ್ ಕ್ಯಾರೊಲಿನಾ)

ನಾನು ಇನ್ನೊಂದು ಪಕ್ಷ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮ್ಯೂನಿಕ್‌ನಲ್ಲಿ ಮೂರು ವರ್ಷ ಇದ್ದು ನಾವು ಅಮೆರಿಕಕ್ಕೆ ಹಿಂತಿರುಗಿದೆವು. ನನ್ನ ಹೆಂಡತಿ ಇಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲಿ ಅವಳ ಓದಿಗೆ ಮಾನ್ಯತೆ ಪಡೆಯುವುದರಲ್ಲೇ ಎರಡು ವರ್ಷ ಹೋಯಿತು. ನನಗೆ ಆಫೀಸ್, ಸ್ನೇಹಿತರು, ಇಂಗ್ಲಿಷ್ ಎಲ್ಲ ಇತ್ತು. ಅವಳಿಗೆ ನಾಲ್ಕು ಗೋಡೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಮನೆಯಲ್ಲಿ ಡ್ರಿಲ್ ಮಾಡುವ ಹಾಗಿಲ್ಲ, ಗಾಜಿನ ಬಾಟಲಿ ಡಬ್ಬಕ್ಕೆ ಹಾಕುವ ಹಾಗೂ ಇಲ್ಲ. ಇದನ್ನು ಬಿಡುವು ಅಂತ ಹೊಗಳುವವರು ಜಾಸ್ತಿ. ಇಬ್ಬರೂ ದುಡಿಯುವ ಮನೆಯಲ್ಲಿ ಶನಿವಾರ ಒಂದೇ ದಿನ ಎಲ್ಲ ಮುಗಿಸಬೇಕು ಅನ್ನುವ ಒತ್ತಡ ಯಾರೂ ಹೇಳುವುದಿಲ್ಲ. ಚರ್ಮದ ಡಾಕ್ಟರ್ ಭೇಟಿಗೆ ನಾವು ನಾಲ್ಕು ತಿಂಗಳು ಕಾದಿದ್ದೇವೆ. ಜುಲೈನಲ್ಲಿ ಎಸಿ ಇಲ್ಲದ ಮೂರನೇ ಮಹಡಿಯಲ್ಲಿ ನಿದ್ದೆ ಇಲ್ಲದೆ ಕೂತಿದ್ದೇವೆ.

ವಾಪಸ್ ಬಂದ ಎರಡನೇ ವಾರ ಅವಳು ಕೆಲಸಕ್ಕೆ ಹೊರಟಳು. ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತ ಅವಳ ಮುಖ ನೋಡಿ, ನಾನು ಮೂರು ವರ್ಷ ಏನು ಗಮನಿಸಿರಲಿಲ್ಲ ಅಂತ ಗೊತ್ತಾಯಿತು. ಅಕ್ಕ, ನಿಮ್ಮ ಬರಹದಲ್ಲಿ ಯಜಮಾನರಿಗೆ ಉಳಿಯುವ ಮನಸ್ಸು ಅಂದಿರಿ. ನಿಮ್ಮ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ.


ಧಾರವಾಡ_ಪೇಢಾ (ಎಸ್ಲಿಂಗನ್)

ಹೇಮಾವತಿ ಅಕ್ಕಾರ, ನೀವು ನಮ್ಮ ಪಕ್ಕದ ಊರಿನವರೇ ಆದಿರಲ್ಲ! ನಾವೂ ಅಮೆರಿಕದ ಪಾಸ್‌ಪೋರ್ಟಿನವರು, ಷಿಕಾಗೋದಿಂದ ಬಂದವರು.

ಒಂದು ಸಂಗತಿ ಹೇಳಬೇಕು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತೆಗೆದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ನಮ್ಮ ಈ ಎಸ್ಲಿಂಗನ್‌ನಲ್ಲಿ, 1881ರಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಕೊನೆಯುಸಿರೆಳೆದದ್ದು ತ್ಯೂಬಿಂಗನ್‌ನಲ್ಲಿ, 1903ರಲ್ಲಿ. ನಿಮ್ಮಲ್ಲಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ಕನ್ನಡಕ್ಕಾಗಿ ಅಷ್ಟು ದುಡಿದವರ ಊರಿನಲ್ಲಿ ನಾವು ತರಕಾರಿ ಕೊಳ್ಳುತ್ತೇವೆ ಅನ್ನುವುದೇ ನನಗೆ ದೊಡ್ಡದು. ಷಿಕಾಗೋದಲ್ಲಿ ನನಗೆ ಇಂಥ ನಂಟು ಇರಲಿಲ್ಲ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಏನು ಮಾಡುತ್ತೀರಿ? ಗುರುವಾರ ಇಲ್ಲಿ ರಜೆ ಇಲ್ಲ. ನಾವು ಶನಿವಾರಕ್ಕೆ ಇಟ್ಟುಕೊಳ್ಳುತ್ತೇವೆ. ಫೈಹಿಂಗನ್‌ನಲ್ಲಿ ಅಮೆರಿಕ ಸೇನೆಯ ಪ್ಯಾಚ್ ಬ್ಯಾರಕ್ಸ್ ಇದೆ. ಒಳಗಿನ ಅಂಗಡಿಯಲ್ಲಿ ಅಮೆರಿಕದ ಸಾಮಾನೆಲ್ಲ ಇದ್ದರೂ ಸೇನೆಗೆ ಸಂಬಂಧಪಡದ ನಮಗೆ ಅದು ತೆರೆಯುವುದಿಲ್ಲ. ಹಾಗಾಗಿ ಮಾರ್ಕೆಟ್ಟಿನ ಕುಂಬಳಕಾಯಿ ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿ ಪೈ ಮಾಡುತ್ತೇನೆ. ನನ್ನ ಮಕ್ಕಳಿಗೆ ಡಬ್ಬಿಯ ಕುಂಬಳಕಾಯಿ ಗೊತ್ತೇ ಇಲ್ಲ. ಇಲ್ಲಿಯವರು ಬೇಳೆ ಬೇಯಿಸಿ, ವಿನೆಗರ್ ಹಾಕಿ, ಶ್ಪೆಟ್ಸ್‌ಲೆ ಅನ್ನುವ ಮೊಟ್ಟೆಯ ನೂಡಲ್ಸ್ ಜೊತೆ ತಿನ್ನುತ್ತಾರಲ್ಲ, ಸಾಸೇಜ್ ಬಿಟ್ಟು ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ನೋಡಿರಿ.


ನದಿ_ದಾಟಿದವಳು (ಬರ್ಲಿನ್)

ಎಲ್ಲರೂ ಇರೋದಾ ಹೋಗೋದಾ ಅಂತಲೇ ಮಾತಾಡುತ್ತಿದ್ದೀರಿ. ಅಕ್ಕ ಕೇಳಿದ್ದು ಅಮ್ಮ ಮತ್ತು ಮಗಳ ಬಗ್ಗೆ.

ಈಗ ನಿಮ್ಮ ಹತ್ತಿರ ಇರುವುದು ವಾಸದ ಪರವಾನಗಿ. ಸಾಮಾನ್ಯ ಪರವಾನಗಿಯವರು 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅದು ರದ್ದಾಗುತ್ತದೆ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ನೌಕರರ ಪರವಾನಗಿ ಇದ್ದವರಿಗೂ ಅವರ ಕುಟುಂಬಕ್ಕೂ 12 ತಿಂಗಳು. ಅಂದರೆ ಅಮ್ಮನಿಗೆ ಹುಷಾರಿಲ್ಲ ಅಂತ ಹಾಸನದಲ್ಲಿ ಒಂದು ವರ್ಷ ಕೂರಬೇಕಾದರೆ, ಅಥವಾ ಮಗಳ ಬಾಣಂತನ ಅಂತ ಅಲ್ಲಿ ಇರಬೇಕಾದರೆ, ನೀವು ದಿನ ಎಣಿಸಬೇಕು. 2024ರ ಜೂನ್ 27ರಿಂದ ಇಲ್ಲಿನ ಕಾನೂನು ಬದಲಾಗಿದೆ. ಜರ್ಮನ್ ಪೌರತ್ವ ತಗೊಂಡರೂ ಅಮೆರಿಕದ್ದನ್ನು ಬಿಡಬೇಕಾಗಿಲ್ಲ. ಐದು ವರ್ಷದ ವಾಸ, ಬಿ1 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಭಾಷೆ, ಪೌರತ್ವದ ಪರೀಕ್ಷೆ ಬೇಕು. ಆ ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ಆಮೇಲೆ ನಿಮ್ಮನ್ನು ಯಾರೂ ಎಷ್ಟು ತಿಂಗಳು ಹೊರಗಿದ್ದಿರಿ ಅಂತ ಕೇಳುವುದಿಲ್ಲ. ಎರಡೂ ದೇಶದ ಬಾಗಿಲು ತೆರೆದಿರುತ್ತದೆ. ಅಮೆರಿಕದ ತೆರಿಗೆ ಲೆಕ್ಕ ಮಾತ್ರ ಹಾಗೇ ಮುಂದುವರಿಯುತ್ತದೆ.

ನಾನು ಈ ಮಾತು ಹೇಳುವುದಕ್ಕೆ ಕಾರಣ ಇದೆ. ಹೋದ ವರ್ಷ ನನ್ನ ಅಪ್ಪ ತೀರಿಕೊಂಡರು. ಪರವಾನಗಿ ನವೀಕರಣದ ದಿನ ಹತ್ತಿರ ಬಂತು ಅಂತ 13ನೇ ದಿನ ಮುಗಿಸಿ ಮಾರನೇ ದಿನವೇ ವಿಮಾನ ಹತ್ತಿದೆ. ಅಮ್ಮ ಗೇಟಿನ ತನಕವೂ ಬರಲಿಲ್ಲ. ಇನ್ನೂ ಒಂದು ವಾರ ಇರಬೇಕಿತ್ತು ನಾನು.


ಹೇಮಾವತಿ_ತೀರ (ಸ್ಟುಟ್‌ಗಾರ್ಟ್)

ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಇವರಿಗೆ ಓದಿ ಹೇಳಿದೆ. ಬರ್ಲಿನ್ ತಂಗಿಯ ಮಾತು ಓದಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ನಿನ್ನ ದುಃಖ ದೊಡ್ಡದು ಕಣಮ್ಮಾ. ಹೇಳಿಕೊಂಡಿದ್ದಕ್ಕೆ ಋಣಿ.

ವಾಪಸ್_ಬಂದವ ಅವರೇ, ನೀವು ಕೇಳಿದ್ದು ಸರಿ. ಫ್ರೀಮಾಂಟ್‌ನಲ್ಲಿ ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಇಲ್ಲಿ ಎರಡು ವರ್ಷ ಬರೀ ಭಾಷೆ ಕಲಿತೆ. ಈಗ ವಾರಕ್ಕೆ ಮೂರು ದಿನ ಒಂದು ಶಾಲೆಯ ಪುಸ್ತಕದ ಕೋಣೆ ನೋಡಿಕೊಳ್ಳುತ್ತೇನೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ. ಆ ಸಾಲು ಬರೆಯದೆ ಬಿಟ್ಟೆ ಅಂತ ನಿಮ್ಮ ಪ್ರಶ್ನೆ ನೋಡಿದ ಮೇಲೇ ಗೊತ್ತಾಯಿತು. ಇವರಿಗೂ ಓದಿ ಹೇಳಿದೆ. ಈ ವಿಷಯ ನಾವಿಬ್ಬರೂ ಮೊದಲೇ ಮಾತಾಡಬೇಕಿತ್ತು.

ಇಬ್ಬರೂ ಪೌರತ್ವದ ಅರ್ಜಿ ಹಾಕುವುದು ಅಂತ ಆಗಿದೆ. ನನ್ನ ಬಿ1 ಮುಗಿದಿದೆ, ಇವರದು ಬಾಕಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ಇಷ್ಟು ದಿನ ತಳ್ಳಿದ್ದರು. ಸೋಮವಾರದಿಂದ ಸಂಜೆ ತರಗತಿ. ಈ ಚಳಿಗಾಲ ನಾನೊಬ್ಬಳೇ ಮೂರು ತಿಂಗಳು ಅಮ್ಮನ ಹತ್ತಿರ ಇದ್ದು ಬರುತ್ತೇನೆ. ಶಾಲೆಯಲ್ಲಿ ಸಂಬಳವಿಲ್ಲದ ರಜೆಗೆ ಒಪ್ಪಿದ್ದಾರೆ. ಹಾಸನದ ಜಂಟಿ ಖಾತೆಯ ಪಾಸ್‌ಬುಕ್ಕೂ ಸಿಕ್ಕಿತು. ಆರು ವರ್ಷದ ಪುಟಗಳನ್ನು ಫೋಟೋ ತೆಗೆದು ಕಳಿಸು ಅಂತ ತಮ್ಮನಿಗೆ ಹೇಳಿದ್ದೇನೆ.

ಮಗಳಿಗೆ ಶನಿವಾರ ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು, ಹಾಗಾದರೆ ಸೆಪ್ಟೆಂಬರ್‌ನಲ್ಲಿ ನೀವು ಅಲ್ಲೇ ಇರ್ತೀರಾ ಅಂತ. ಎರಡು ವಾರ ರಜೆ ಹಾಕಿದ್ದಾಳಂತೆ. ಕೆಳಮನೆ ಅಜ್ಜಿಗೆ ಹೇಳಿದೆ. ಅವರಿಗೆ ಈಗ ಏಣಿ ಹತ್ತಲು ಆಗುವುದಿಲ್ಲ. ಪ್ಲಮ್ ಕೀಳುವುದಕ್ಕೆ ಅವಳೇ ಆಗಲಿ ಅಂದರು. ಮೊದಲ ವಾರ ಕೇರ್‌ವೊಖೆ ನಮ್ಮದೇ ಇದೆ. ಮೂಲೆ ಒರೆಸುವುದನ್ನು ಅವಳಿಗೂ ತೋರಿಸಬೇಕು.

ಪೇಢಾ ಅವರೇ, ಒಗ್ಗರಣೆ ಹಾಕಿ ನೋಡಿದೆ. ಕರಿಬೇವೂ ಬೇಕು ಅನ್ನಿಸಿತು. ಮುಂದಿನ ಶನಿವಾರ ಮನೆಗೆ ಬನ್ನಿ. ತ್ಯೂಬಿಂಗನ್‌ಗೂ ಒಂದು ದಿನ ಎಲ್ಲ ಸೇರಿ ಹೋಗೋಣ.